ಮಾಯಪ್ಪನ ಹೆಸರಿಗೆ ಚೌಕಾಶಿ

ಹಳೆಯ ಭಾಂಡೆ, ಪಾತ್ರೆ ಕೊಟ್ಟು ಹೊಸದು ಒಯ್ಯುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಹೆಸರು ಹಾಕಿಸಿದ ಭಾಂಡೆ ಇದ್ದರೆ ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ. ಇಲ್ಲದಿದ್ದರೆ ಇವತ್ತು ಸೊಸೆ ಹಾಕಿಹೋದ ತಂಬಿಗೆಯನ್ನು ಹುಡುಕಿಕೊಂಡು ನಾಳೆ ಮಾವ ಬರುತ್ತಾನೆ, ನಾಡಿದ್ದು ಅತ್ತೆ ಬರುತ್ತಾಳೆ, ಅದರ ಮರುದಿನ ಮೂವರೂ ನನ್ನ ಅಂಗಡಿಯಲ್ಲಿ ನಿಂತು ತಮ್ಮ ಮನೆಯ ಜಗಳವನ್ನು ನನ್ನ ಕೈಯಿಂದ ಬಗೆಹರಿಸಿಕೊಳ್ಳುತ್ತಾರೆ. ಬಗೆಹರಿಸುತ್ತೇನೆ, ಅದೇನು ದೊಡ್ಡದಲ್ಲ. ಆದರೆ ಅಷ್ಟರಲ್ಲಿ ಎರಡು ಗಿರಾಕಿ ಎದುರಿನ ಅಂಗಡಿಗೆ ಹೋಗಿರುತ್ತವೆ.

ಕಳೆದ ವಾರ ರಾಯಬಾಗದ ಕಡೆಯ ಒಬ್ಬ ಹುಡುಗಿ ಹೀಗೆಯೇ ಒಂದು ಚೀಲ ಭಾಂಡೆ ತಂದು ಕಟ್ಟೆಯ ಮೇಲೆ ಸುರಿದಳು. ನಾಲ್ಕನೆಯ ತಾಟಿನ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಕಂಡಿತು. ಮಾಯಪ್ಪ.

“ಯಾರವಾ ಇವರು?” ಅಂದೆ.

“ನಮ್ಮ ಮನಿಯವರ ಮುತ್ಯಾ ಇರಬೇಕ್ರಿ.”

“ಇರಬೇಕು ಅಂದ್ರ? ಮುತ್ಯಾ ಹೌದೋ ಅಲ್ಲೋ?”

“ಯಾರಿಗ್ ಗೊತ್ತರಿ. ಭಾಳ ಹಳೇ ಹೆಸರು. ಈಗ ಇಂಥಾ ಹೆಸರ ಯಾರ ಇಡತಾರ್ರಿ?”

“ನಾವು ಇಟ್ಟೇವಿ,” ಅಂದೆ.

ಆಕೆ ನನ್ನ ತಕ್ಕಡಿಯ ಕಡೆ ಒಮ್ಮೆ ನೋಡಿದಳು. ಇಂಥ ಮಾತಾಡುವವಳ ತೂಕವೂ ಸರಿಯಿರಲಿಕ್ಕಿಲ್ಲ ಎಂದು ಅನುಮಾನ ಬಂದಿರಬೇಕು. ನಾನೇನೂ ತಪ್ಪು ತಿಳಿಯಲಿಲ್ಲ. ಅನುಮಾನ ಇರುವ ಗಿರಾಕಿಯೇ ಒಳ್ಳೆಯ ಗಿರಾಕಿ, ಎರಡನೆಯ ಸಲವೂ ಬರುತ್ತದೆ.

ನನ್ನ ಅಂಗಡಿ ಇರುವುದು ಚಿಕ್ಕೋಡಿಯಲ್ಲಿ. ಸ್ಟೀಲ್, ಹಿತ್ತಾಳೆ, ಕುಕ್ಕರ್, ಮದುವೆಯಲ್ಲಿ ಹೆಣ್ಣಿನ ಕಡೆಯವರು ರುಖವತ್ತಿಗೆ ಜೋಡಿಸಿಡುವ ಸಾಮಾನು, ಎಲ್ಲ ಸಿಗುತ್ತವೆ. ಅದಕ್ಕೂ ಮುಂಚೆ ನನ್ನ ಅಂಗಡಿ ನನ್ನ ತಲೆಯ ಮೇಲೆ ಇತ್ತು. ಬುಟ್ಟಿಯಲ್ಲಿ ಭಾಂಡೆ ತುಂಬಿಕೊಂಡು ಓಣಿ ಓಣಿ ತಿರುಗಿ, ಹಳೆಯ ಸೀರೆ ಪ್ಯಾಂಟು ಇಸಿದುಕೊಂಡು ವಾಟಿ ಬಟ್ಟಲು, ಡಬ್ಬಿ ಕೊಡುತ್ತಿದ್ದೆ. ಚೌಕಾಶಿ ಕಲಿತದ್ದು ಅಲ್ಲೇ. ಐದು ಸೀರೆಗೆ ಒಂದು ಬೋಗಾಣಿ ಕೇಳುವ ಹೆಂಗಸಿನ ಎದುರು ಹೇಗೆ ಕೂರಬೇಕು, ಯಾವಾಗ ಬುಟ್ಟಿ ಎತ್ತಿದಂತೆ ಮಾಡಬೇಕು, ಎತ್ತಿದ ಮೇಲೆ ಎಷ್ಟು ನಿಧಾನ ನಡೆಯಬೇಕು, ಇವೆಲ್ಲ ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ನಾನು ಬೇಕಾದರೆ ಹೇಳಿಕೊಡುತ್ತೇನೆ. ಕೇಳುವವರು ಯಾರೂ ಇಲ್ಲ, ಅದು ಬೇರೆ ಮಾತು.

ಅಂಗಡಿ ಹಾಕಿದ್ದು ಎರಡು ಸಾವಿರದ ಆಚೀಚೆ. ಹಾಕಿದ ವರ್ಷವೇ ಭಾಂಡೆಗೆ ಹೆಸರು ಕೊರೆಯುವ ಮಶಿನ್ ತಂದೆ. ಪೆನ್ನಿನ ಹಾಗೆ ಹಿಡಿದರೆ ಝುಂಯ್ ಎಂದು ನಡುಗುತ್ತ ಸ್ಟೀಲಿನ ಮೇಲೆ ಚುಕ್ಕೆ ಹಾಕುತ್ತ ಹೋಗುತ್ತದೆ. ಮದುವೆ, ಮನೆ ಶಾಂತಿ, ತೊಟ್ಟಿಲು, ತಿಥಿ, ಯಾವುದಿದ್ದರೂ ಹೆಸರು ಹಾಕಿಸದೆ ನಮ್ಮ ಜನ ಭಾಂಡೆ ಕೊಡುವುದಿಲ್ಲ. ಯಾಕೆಂದರೆ ಕೊಟ್ಟದ್ದು ಗೊತ್ತಾಗಬೇಕಲ್ಲ. ಹೀಗಾಗಿ ಈ ಭಾಗದಲ್ಲಿ ಯಾವ ವರ್ಷ ಯಾವ ಹೆಸರು ಓಡಿತು ಎಂಬುದನ್ನು ನನ್ನ ಬಲಗೈಯ ಹೆಬ್ಬೆರಳು ಹೇಳುತ್ತದೆ. ಅಲ್ಲಿ ಒಂದು ಗಂಟು ಬಿದ್ದಿದೆ. ಅದರ ಅರ್ಧ ಭಾಗ ಓಂಕಾರ ಎಂಬ ಹೆಸರಿನದು, ಉಳಿದದ್ದು ಪ್ರಥಮೇಶನದು. ಆ ಒತ್ತಕ್ಷರ ಹಾಕುವಾಗ ಸೂಜಿ ಜಾರಿ ಎಷ್ಟು ವಾಟಿ ಹಾಳು ಮಾಡಿದ್ದೇನೋ.

ಮೊದಮೊದಲು ತೊಟ್ಟಿಲ ಭಾಂಡೆಯ ಮೇಲೆ ಸಂತೋಷ, ಸುನೀಲ ಇನ್ನೂ ಬರುತ್ತಿದ್ದವು, ಅಪ್ಪಾಸಾಹೇಬ, ಅಣ್ಣಾಸಾಹೇಬರು ಹುಟ್ಟುವುದನ್ನು ನಿಲ್ಲಿಸಿ ಎಲೆಕ್ಷನ್‌ಗೆ ನಿಲ್ಲುತ್ತಿದ್ದರು. ಆಮೇಲೆ ನಿಪ್ಪಾಣಿಯ ಕಡೆಯಿಂದ ಓಂಕಾರ ಬಂದ, ನದಿಯ ಮಹಾಪೂರದ ಹಾಗೆ ಎಲ್ಲ ಊರಿಗೂ ನುಗ್ಗಿದ. ಮೂರು ನಾಲ್ಕು ವರ್ಷ ಕಾಗವಾಡದಿಂದ ಅಥಣಿಯವರೆಗೆ ಯಾವ ತೊಟ್ಟಿಲು ತೂಗಿದರೂ ಓಂಕಾರನೇ. ಅವನು ಇಳಿದ, ಸಮರ್ಥ ಏರಿದ. ಸಮರ್ಥನೂ ಇಳಿದು ಅಥರ್ವ ಬಂದ. ಈಗ ಶಿವಾಂಶ, ರುದ್ರಾಂಶ ಎಂದು ಎಲ್ಲರೂ ದೇವರಲ್ಲಿ ಪಾಲು ಕೇಳುತ್ತಿದ್ದಾರೆ. ಈ ಪಾಲಿಗೆ ತಹಶೀಲ್ದಾರ ಕಚೇರಿಯಲ್ಲಿ ಪಹಣಿ ಉತಾರ ಸಿಗುವುದಿಲ್ಲ ಎಂದು ಒಬ್ಬ ಗಿರಾಕಿಗೆ ಹೇಳಿ ಬೈಸಿಕೊಂಡೆ.

ಇಷ್ಟು ವರ್ಷದಲ್ಲಿ ಒಂದು ಹೆಸರನ್ನು ಮಾತ್ರ ಯಾವ ಗಿರಾಕಿಯೂ ತೊಟ್ಟಿಲ ಭಾಂಡೆಗೆ ತರಲಿಲ್ಲ. ಮಾಯಪ್ಪ. ಬಂದರೆ ತಿಥಿಯ ಭಾಂಡೆಗೆ ಬರುತ್ತಿತ್ತು, ‘ಕೈಲಾಸವಾಸಿ’ ಎಂಬುದರ ಹಿಂದೆ.

ಒಂದು ಕಾಲಕ್ಕೆ ಹೀಗಿರಲಿಲ್ಲ. ಮಕ್ಕಳಾಗದವರು, ಆಗಿ ಉಳಿಯದವರು ಚಿಂಚಲಿಯ ಮಾಯಕ್ಕನಿಗೆ ಹರಕೆ ಹೊರುತ್ತಿದ್ದರು. ಹೆಣ್ಣಾದರೆ ಮಾಯವ್ವ, ಗಂಡಾದರೆ ಮಾಯಪ್ಪ. ನಾನು ಚಿಕ್ಕವಳಿದ್ದಾಗ ಚಿಂಚಲಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಮಾಯಪ್ಪ’ ಎಂದರೆ ಚಹಾ ಕುಡಿಯುತ್ತಿದ್ದ ಅರ್ಧ ಜನ ಕಪ್ಪು ಕೆಳಗಿಟ್ಟು ತಿರುಗಿ ನೋಡುತ್ತಿದ್ದರು. ಹೆಸರು ಹಾಳಾದದ್ದು ದೇವಿಯಿಂದಲ್ಲ. ಅದು ಇನ್ನೊಬ್ಬರ ಹೊಲದಲ್ಲಿ ದುಡಿಯುವವರ ಹೆಸರು ಎಂದು ಬಿದ್ದುಹೋದದ್ದರಿಂದ. ಭಾಂಡೆಯಲ್ಲೂ ಹಾಗೇ. ಹಿತ್ತಾಳೆಯ ಚರಿಗೆಯನ್ನು ಬಡವರು ಮಾತ್ರ ಇಟ್ಟುಕೊಂಡಿದ್ದಾರೆ ಎಂದು ಎಲ್ಲರೂ ಮಾರಿದರು. ಈಗ ಅದೇ ಚರಿಗೆಯನ್ನು ದೊಡ್ಡ ಬಂಗಲೆಯವರು ಹೂ ಇಡಲಿಕ್ಕೆ ನನ್ನ ಹತ್ತಿರ ಕೇಳಿಕೊಂಡು ಬರುತ್ತಾರೆ.

ನನ್ನ ಅಪ್ಪನ ಹೆಸರು ಮಾಯಪ್ಪ. ನಮ್ಮ ಊರು ಬೇಡಕಿಹಾಳ. ಅಪ್ಪ ಒಂದೇ ಮಾಲಕರ ಕಬ್ಬಿನ ತೋಟದಲ್ಲಿ ಸಾಯುವ ವರ್ಷದವರೆಗೂ ದುಡಿದ. ನೀರು ಹಾಯಿಸುವುದು, ಒಣಗಿದ ರವದಿ ಗರಿ ಸುಲಿಯುವುದು, ಕಬ್ಬು ಹೊರುವುದು. ಅಲ್ಲಿ ಅವನನ್ನು ಯಾರೂ ಮಾಯಪ್ಪ ಅನ್ನುತ್ತಿರಲಿಲ್ಲ. ಹಿರಿಯ ಮಾಲಕರಿಂದ ಹಿಡಿದು ಗೋಲಿ ಆಡುವ ಅವರ ಮೊಮ್ಮಕ್ಕಳವರೆಗೆ ಎಲ್ಲರಿಗೂ ಅವನು ‘ಮಾಯ್ಯಾ’. ಅಪ್ಪ ಅದಕ್ಕೆ ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಮಾಡಿಕೊಂಡಿದ್ದರೂ ತೋರಿಸುವ ಮನುಷ್ಯ ಅಲ್ಲ.

ಮಶಿನ್ ತಂದ ದಿನ ಮೊದಲು ಕೊರೆದದ್ದು ಅವನ ಹೆಸರನ್ನೇ. ಒಂದು ತಂಬಿಗೆಯ ಕೊರಳ ಸುತ್ತ, ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಎಲ್ಲ ಬರೆದು ಕೈಗೆ ಕೊಟ್ಟೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ತಂಬಿಗೆಯನ್ನು ಒಂದು ಸುತ್ತು ತಿರುಗಿಸಿದ.

“ಇದಿಷ್ಟೂ ನಾನ ಏನ?”

“ಹೌದಪಾ.”

“ಇಷ್ಟ ಉದ್ದ ಅದೀನಿ?” ಅಂದ. ನಕ್ಕ. ಮತ್ತೆ ಇನ್ನೊಂದು ಸುತ್ತು ತಿರುಗಿಸಿದ.

ಈಗ ನನ್ನ ತಮ್ಮನ ವಿಷಯ. ಸಂಜಯ, ನಾವು ಸಂಜು ಅನ್ನುತ್ತೇವೆ. ಪಕ್ಕದ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಹೆಂಡತಿ ಸವಿತಾ ನಿಪ್ಪಾಣಿಯವಳು, ನರ್ಸ್. ಮೊದಲನೆಯದು ಹೆಣ್ಣು, ಅದಕ್ಕೆ ಸೃಷ್ಟಿ ಎಂದು ಇಟ್ಟಾಗ ನಾನು ಒಂದು ಮಾತೂ ಆಡಲಿಲ್ಲ. ವ್ಯಾಪಾರದಲ್ಲಿ ಒಂದು ಕಡೆ ಬಿಟ್ಟುಕೊಡಬೇಕು, ಇನ್ನೊಂದು ಕಡೆ ಹಿಡಿಯಬೇಕು. ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಅವರಿಗೆ ಗಂಡು ಹುಟ್ಟಿತು. ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು, ಅಥರ್ವನ ಭರಾಟೆಯ ಕಾಲ.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಕೂಸಿನ ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದಿನ ನೆಪದಲ್ಲಿ ಹಳೆಯ ಸಿಟ್ಟೆಲ್ಲ ತೀರುತ್ತದೆ. ಹೆಸರು ಯಾವುದು ಎಂದು ಕೂಸಿನ ತಾಯಿತಂದೆ ನಿಕ್ಕಿ ಮಾಡಿರುತ್ತಾರೆ, ಅತ್ತೆ ಬರೀ ಬಾಯಿ. ಆದರೆ ಬಾಯಿ ನನ್ನದೇ ತಾನೇ? ಹೇಳದೆ ಕೂತರೆ ಏನು ಮಾಡುತ್ತಾರೆ? ನನ್ನ ಚೌಕಾಶಿಯ ಬಂಡವಾಳ ಇಷ್ಟೇ ಇತ್ತು.

ಜ್ಯೋತಿಷಿ ಮಖಾ ನಕ್ಷತ್ರ ಎಂದು ಹೇಳಿ ಅಕ್ಷರ ಕೊಟ್ಟಿದ್ದರು: ಮಾ, ಮೀ, ಮೂ, ಮೇ. ಮೊದಲನೆಯ ಅಕ್ಷರವೇ ಮಾ. ನಾನು ಫೋನಿನಲ್ಲೇ ಕೈ ಮುಗಿದೆ.

“ಸಂಜೂ, ಮುಗೀತಲ್ಲ. ಅಪ್ಪ ಬಂದಾನ.”

“ಅಕ್ಕಾ, ಸವಿತಾ ಮೊಬೈಲಿನ್ಯಾಗ ನೋಡಾಕತ್ತಾಳ. ಮಾನವ ಛಂದ ಐತಿ ಅಂತಾಳ. ಇಲ್ಲಂದ್ರ ಮೇಧಾಂಶ.”

“ಯಾರ ಅಂಶಪಾ ಇದು?”

“ಗೊತ್ತಿಲ್ಲ. ಕೇಳಾಕ ಛಲೋ ಐತಿ.”

ಚೌಕಾಶಿಗೆ ಕೂತಾಗ ನಿಮ್ಮ ಕೊನೆಯ ಬೆಲೆ ಮೊದಲು ಹೇಳಬಾರದು. ಇದು ನನ್ನ ನಿಯಮ, ನೀವೂ ಬರೆದಿಟ್ಟುಕೊಳ್ಳಿ. ಆ ದಿನ ನಾನೇ ಅದನ್ನು ಮುರಿದೆ. “ಮಾಯಪ್ಪ, ಇಲ್ಲಂದ್ರ ಬ್ಯಾರೆ ಯಾರನ್ನರ ಕರದು ಹೇಳಸ್ರಿ,” ಅಂದುಬಿಟ್ಟೆ. ಸಂಜು ಒಂದೊಂದೇ ಮೆಟ್ಟಿಲು ಇಳಿದ. ಮಯಂಕ ಅಂದ. ಅದು ಚಂದ್ರನ ಹೆಸರು, ಚಂದ್ರ ನಮ್ಮ ಮನೆಗೆ ಏನು ಮಾಡಿದ್ದಾನೆ ಅಂದೆ. ಮಯೂರ ಅಂದ. ನವಿಲು ಕಬ್ಬು ಹೊತ್ತಿತ್ತೇ ಅಂದೆ. ಕೊನೆಗೆ, ಎಲ್ಲರೂ ಮಾಡುವ ರಾಜಿಗೆ ಬಂದ. ತೊಟ್ಟಿಲಲ್ಲಿ ಮಾಯಪ್ಪ ಎನ್ನು, ಶಾಲೆಯಲ್ಲಿ ಬೇರೆ ಬರೆಸುತ್ತೇನೆ.

“ತಿರವಿ ಹಾಕು,” ಅಂದೆ. “ಶಾಲ್ಯಾಗ ಮಾಯಪ್ಪ ಬರಿ. ಮನ್ಯಾಗ ಮೇಧಾಂಶ ಅನ್ನರಿ, ಮಾನವ ಅನ್ನರಿ, ದಾನವ ಅನ್ನರಿ, ನಾ ಕೇಳಂಗಿಲ್ಲ.”

“ಅಕ್ಕಾ,” ಅವನ ದನಿ ಬದಲಾಯಿತು. “ನಾ ದಿನಾ ಹಾಜರಿ ಕರೀತೀನಿ. ತನ್ನ ಹೆಸರ ಕೇಳಿ ಯಾವ ಹುಡುಗ ತಲಿ ಎತ್ತತಾನ, ಯಾವ ಹುಡುಗ ತಲಿ ತಗ್ಗಸ್ತಾನ, ನನಗ ಗೊತ್ತೈತಿ. ನಿನಗ ಭಾಂಡೆ ಗೊತ್ತು. ಭಾಂಡೆಕ್ಕ ಹೆಸರ ಹಾಕಿದ್ರ ಅದಕ್ಕ ನಾಚಿಕಿ ಬರಂಗಿಲ್ಲ.”

ಅವನು ಮುಂದುವರಿಸಿದ.

“ಸಣ್ಣಾಂವ ಇದ್ದಾಗ ಬುತ್ತಿ ತಗೊಂಡು ತೋಟಕ್ಕ ಹೋಗತಿದ್ದೆ. ನನ್ನಕಿಂತ ಸಣ್ಣ ಹುಡುಗ ಒಬ್ಬ ಅಪ್ಪಗ ‘ಲೇ ಮಾಯ್ಯಾ, ಚಂಡ ತಗೊಂಡ ಬಾ’ ಅಂದ. ಅಪ್ಪ ಕಾಲ್ವ್ಯಾಗ ಇಳದ ಚಂಡ ತಂದ ಕೊಟ್ಟ. ನಾ ಬುತ್ತಿ ಹಿಡಕೊಂಡ ಹಂಗ ನಿಂತಿದ್ದೆ. ನನ್ನ ಮಗಗ ಅದ ಹೆಸರ ಇಡಬೇಕ?”

“ಅದಕ್ಕ ಇಡಬೇಕು,” ಅಂದೆ. “ಮುಚ್ಚಿಟ್ರ ಅವರ ಅಂದದ್ದ ಉಳೀತೈತಿ.”

“ಮತ್ತ ನಿನ್ನ ಹೆಸರ?”

ಇಲ್ಲಿ ನನ್ನ ವಿಷಯ ಒಂದು ಹೇಳಬೇಕು, ಬಚ್ಚಿಟ್ಟು ಪ್ರಯೋಜನವಿಲ್ಲ. ನಾನು ಹುಟ್ಟಿದಾಗ ನನ್ನ ಹೆಸರು ದುಂಡವ್ವ. ಮದುವೆಯ ದಿನ ಗಂಡನ ಮನೆಯವರು ತಾಟಿನಲ್ಲಿ ಅಕ್ಕಿ ಹರಡಿ, ಗಂಡನ ಬೆರಳಿನಿಂದ ಅದರಲ್ಲಿ ‘ಸುನಂದಾ’ ಎಂದು ಬರೆಸಿದರು. ಆ ಕಡೆಯ ಪದ್ಧತಿ. ತಾಟು ಎತ್ತಿದಾಗ ಅಕ್ಕಿ ಕದಡಿತು, ಹೆಸರು ಉಳಿಯಿತು. ಯಾರೂ ನನ್ನನ್ನು ಕೇಳಲಿಲ್ಲ. ಆದರೆ ಅಂಗಡಿಯ ಬೋರ್ಡು ಬರೆಸುವ ದಿನ ಗಂಡ ಬದುಕಿರಲಿಲ್ಲ, ಅತ್ತೆಯ ಮನೆಯವರು ಸನಿಹದಲ್ಲಿರಲಿಲ್ಲ, ಪೇಂಟರ್ ಕುಂಚ ಹಿಡಿದು ನನ್ನನ್ನೇ ಕೇಳಿದ. ದುಂಡವ್ವ ಭಾಂಡೆ ಅಂಗಡಿ ಎಂದರೆ ಗಿರಾಕಿ ಬರುತ್ತವೆಯೇ ಎಂದು ಎರಡು ನಿಮಿಷ ಯೋಚಿಸಿ, ಸುನಂದಾ ಎಂದೇ ಬರೆಸಿದೆ. ಅದೂ ದೊಡ್ಡಕ್ಷರದಲ್ಲಿ.

ಸಂಜುಗೆ ಇದು ಗೊತ್ತು. ಫೋನಿನಲ್ಲಿ ನಾನು ಕೆಮ್ಮಿದೆ, ಲೈನು ಸರಿಯಿಲ್ಲ ಎಂದೆ. ಆಮೇಲೆ ಅಂದೆ: “ನಾ ಸೋತದ್ದಕ್ಕ ಅವನೂ ಸೋಲಬೇಕೇನ?” ಸಂಜು ಫೋನು ಇಟ್ಟ.

ಮರುದಿನ ನಾನು ಒಂದು ಕೆಲಸ ಮಾಡಿದೆ. ತೊಟ್ಟಿಲಿಗೆ ಬಂದ ಹೆಂಗಸರಿಗೆ ಗುಗ್ಗರಿ ಹಾಕಿ ಕೊಡಲು ವಾಟಿ ನಾನೇ ತರುತ್ತೇನೆ ಎಂದು ಮೊದಲೇ ಹೇಳಿದ್ದೆ. ಅಂಗಡಿಯ ಶಟರ್ ಅರ್ಧ ಇಳಿಸಿ ಕೂತು, ಐವತ್ತೊಂದು ವಾಟಿಗೂ ‘ಚಿ. ಮಾಯಪ್ಪ’ ಎಂದು ಕೊರೆದೆ. ಹೆಸರು ಬಿದ್ದ ಸ್ಟೀಲನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ. ಮಾತಿನಲ್ಲಿ ಮುಗಿಯದ ಚೌಕಾಶಿಯನ್ನು ಮಾಲಿನಿಂದ ಮುಗಿಸಬೇಕು ಎಂದು ನನ್ನ ಲೆಕ್ಕ. ಸಂಜು, ಸವಿತಾ, ನಿಪ್ಪಾಣಿಯ ಬೀಗರು, ಒಬ್ಬೊಬ್ಬರು ಏನು ಅನ್ನುತ್ತಾರೆ, ಅದಕ್ಕೆ ನಾನೇನು ಅನ್ನಬೇಕು ಎಂದು ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಒಬ್ಬಳನ್ನು ಮರೆತೆ.

ತೊಟ್ಟಿಲ ಹಿಂದಿನ ದಿನ ಮಧ್ಯಾಹ್ನ ಬೇಡಕಿಹಾಳದ ಮನೆಯಲ್ಲಿ ಚೀಲ ಬಿಚ್ಚಿದೆ. ಸಂಜು ಒಂದು ವಾಟಿ ಎತ್ತಿ ಬೆಳಕಿಗೆ ಹಿಡಿದು ಓದಿದ. ಸಿಟ್ಟು ಬಂದರೆ ನನ್ನ ತಮ್ಮ ಕೂಗುವುದಿಲ್ಲ, ಮಾಸ್ತರಕಿ ಮಾಡಿ ಮಾಡಿ ಮೆಲ್ಲಗೆ ಮಾತಾಡುವುದು ಕಲಿತಿದ್ದಾನೆ.

“ಅವ್ವಾ,” ಎಂದು ಕರೆದ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. “ಅಕ್ಕ ಕೂಸಿಗಿ ಅಪ್ಪನ ಹೆಸರ ಹಾಕ್ಕೊಂಡ ಬಂದಾಳ. ಸವಿತಾ ಡ್ಯೂಟಿಗಿ ಹೋಗತಾಳ, ನಾ ಶಾಲಿಗಿ ಹೋಗತೀನಿ, ಕೂಸಿನ್ನ ನೋಡಕೊಳ್ಳಾಕಿ ನೀನು. ನಾಳೆ ಅದಕ್ಕ ಏನಂತ ಕರೀತಿ?”

ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ತಿರುಗಿ ಒಳಗೆ ಹೋದಳು.

ಲೆಕ್ಕ ತಪ್ಪಿದ್ದು ನನಗೆ ಆಗ ತಿಳಿಯಿತು. ಅವ್ವ ಗಂಡನ ಹೆಸರು ಹೇಳುವುದಿಲ್ಲ. ಅವಳ ಕಾಲದ ಯಾವ ಹೆಂಗಸೂ ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ “ಚಿಂಚಲಿ ದೇವಿ ಹೆಸರಿಗಿ ಅಪ್ಪ ಹಚ್ಚರಿ” ಅನ್ನುತ್ತಿದ್ದಳು. ಒಮ್ಮೆ ಹೊಸದಾಗಿ ಬಂದ ಒಬ್ಬ ಗುಮಾಸ್ತ ಅದನ್ನು ಕೇಳಿ ‘ದೇವಪ್ಪ’ ಎಂದು ಬರೆದುಕೊಂಡು, ಆರು ತಿಂಗಳು ನಮ್ಮ ಸಕ್ಕರೆ ಯಾವನೋ ದೇವಪ್ಪನ ಹೆಸರಿನಲ್ಲಿ ಬಂತು. ಅಪ್ಪ ಚಹಾ ಕುಡಿಯುವಾಗ “ಇಂವ ದೇವಪ್ಪ ಛಲೋ ಮನಷ್ಯಾ” ಎಂದು ನಗುತ್ತಿದ್ದ. ಅವ್ವ ಅಪ್ಪನನ್ನು ಕರೆಯುತ್ತಿದ್ದದ್ದು ‘ಕೇಳಿದ್ರ್ಯಾ?’ ಎಂದು. ಅಷ್ಟೇ ಅವನ ಹೆಸರು.

ನಮ್ಮ ಹೆಣ್ಣುಮಕ್ಕಳಿಗೆ ಗಂಡನ ಹೆಸರು ಹೇಳಲು ಇರುವುದು ಒಂದೇ ದಾರಿ. ಮದುವೆ, ಬಸುರಿಯ ಕುಬಸ, ತೊಟ್ಟಿಲುಗಳಲ್ಲಿ ಒಡಪ ಕಟ್ಟಿ, ಪ್ರಾಸದ ನಡುವೆ ಸೇರಿಸಿ ಹೇಳಬಹುದು. ಅವ್ವ ಒಡಪಕ್ಕೆ ಎಂದೂ ಮುಂದೆ ಬಂದವಳಲ್ಲ, ನಾಚಿ ಹಿಂದೆ ಸರಿಯುತ್ತಿದ್ದಳು. ಈಗಂತೂ ವಿಧವೆ. ಗಂಡ ಸತ್ತವರು ತೊಟ್ಟಿಲ ಹತ್ತಿರವೇ ಬರಬಾರದು ಎನ್ನುವ ಜನ ನಮ್ಮವರು, ಒಡಪದ ಮಾತೆಲ್ಲಿ ಬಂತು. ಅಪ್ಪನ ಹೆಸರು ಉಳಿಸುತ್ತೇನೆ ಎಂದು ಹೊರಟ ನಾನು, ಅವ್ವನ ಬಾಯಿಗೆ ಮೊಮ್ಮಗನ ಹೆಸರೇ ಇಲ್ಲದ ಹಾಗೆ ಮಾಡಿದ್ದೆ.

ಅಡುಗೆಮನೆಗೆ ಹೋದೆ. ಅವ್ವ ಗುಗ್ಗರಿಗೆ ಕಡಲೆ ಆರಿಸುತ್ತಿದ್ದಳು. ನಾನೂ ಮೊರದ ಮುಂದೆ ಕೂತು ಹರಳು ತೆಗೆಯತೊಡಗಿದೆ.

“ಅವ್ವಾ, ನಿನಗ ಬ್ಯಾಡಂದ್ರ ಬ್ಯಾಡ. ವಾಟಿ ಮ್ಯಾಲಿನ ಹೆಸರ ಉಜ್ಜಿ ತಗಸ್ತೀನಿ.”

“ಉಜ್ಜಿದ್ರ ಹೋಗತೈತಿ?”

“ಹೋಗತೈತಿ. ಕಲಿ ಉಳೀತೈತಿ.”

ಅವ್ವ ಆರಿಸಿದ ಕಡಲೆಯನ್ನು ಬೋಗಾಣಿಗೆ ಸುರಿದಳು.

“ಅವರಿಗೆ ಯಾರರ ಪೂರಾ ಹೆಸರ ಹಿಡದು ಕರದದ್ದ ನಾ ಕೇಳಿಲ್ಲ ನೋಡ,” ಅಂದಳು ಅವ್ವ. “ತೋಟದಾಗ ಮಾಲಕರು ಹಂಗ ಕರೀತಿದ್ರು. ನೀವು ಅಪ್ಪಾ ಅಂತಿದ್ರಿ. ನಾನೂ ಕರೀಲಿಲ್ಲ. ಮನಷ್ಯಾಗ ಒಂದ ಹೆಸರಿತ್ತು. ಯಾರೂ ತಗೊಳಲಿಲ್ಲ.”

ಮಾತಿಗೆ ಮಾತು ಕೊಟ್ಟು ಹೊಟ್ಟೆ ಹೊರೆದವಳು ನಾನು. ಆ ಹೊತ್ತು ಎದ್ದು ಹೊರಗೆ ಬಂದೆ. ವಾಟಿಯ ಚೀಲವನ್ನು ಕಟ್ಟಿ ಮೂಲೆಗೆ ಸರಿಸಿ, ಸಂಜುಗೆ ಹೇಳಿದೆ: “ನಿಮಗ ಬೇಕಾದ ಹೆಸರ ಚೀಟಿ ಬರದ ಕೊಡು. ನಾಳೆ ಅದನ್ನ ಹೇಳತೀನಿ.” ನನ್ನ ಜೀವಮಾನದಲ್ಲಿ ಬುಟ್ಟಿಯನ್ನು ನಿಜವಾಗಿ ಎತ್ತಿದ್ದು ಆ ದಿನವೇ. ಸಂಜು ನನ್ನ ಮುಖ ನೋಡಿದ, ಇದೂ ಒಂದು ಆಟ ಇರಬೇಕು ಎಂದುಕೊಂಡ. ಚೀಟಿಯಲ್ಲಿ ‘ಮಾನವ’ ಎಂದು ಬರೆದುಕೊಟ್ಟ.

ಮರುದಿನ ನಡುಮನೆ ತುಂಬ ಹೆಂಗಸರು. ನಿಪ್ಪಾಣಿಯಿಂದ ಸವಿತಾಳ ತಾಯಿ ಮತ್ತು ತಂಗಿಯರು ಬಂದಿದ್ದರು. ತಂಗಿಯರ ಬಳೆ ತುಂಬಿದ ಕೈ ನೋಡಿಯೇ ನನ್ನ ಬೆನ್ನು ಸಣ್ಣಗಾಯಿತು. ಶಾಸ್ತ್ರದಂತೆ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿದ್ದಾಯಿತು. ಕೂಸನ್ನು ಮಲಗಿಸಿದರು. ಸವಿತಾಳ ತಾಯಿ ಮರಾಠಿಯಲ್ಲಿ ಸೋದರತ್ತೆಯನ್ನು ಮುಂದೆ ಕರೆದರು: “ಚಲಾ, ಆತ್ಯಾಬಾಯಿ, ಯಾ ಪುಢೆ.”

ನಾನು ಬಗ್ಗಿದೆ. ಒಬ್ಬಳು ಆಗಲೇ ಒಂದು ಗುದ್ದಿದಳು.

“ಅವಕಾಶ ಕೊಡ್ರಿ ಸ್ವಲ್ಪ.”

ಅವ್ವನ ದನಿ. ಅಡುಗೆಮನೆಯ ಬಾಗಿಲ ಒಳಗೆ ನಿಂತಿದ್ದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹೆಂಗಸರು ಸರಿದರು, ದಾರಿ ಬಿಡಲಿಕ್ಕೋ ಮೈ ತಾಕಬಾರದು ಎಂದೋ ನನಗೆ ತಿಳಿಯಲಿಲ್ಲ. ಹಿಂದಿನಿಂದ ಯಾರೋ ಒಬ್ಬ ಮುದುಕಿ, “ಯವ್ವಾ, ನೀ ಬರಬಾರದ ಬೇ, ಕೂಸಿಗಿ ಛಲೋ ಅಲ್ಲ,” ಅಂದಳು.

“ಕೂಸಿನ್ನ ಎತ್ತಿ ಆಡಸಾಕಿ ನಾನು,” ಅಂದಳು ಅವ್ವ. “ನನಗ ಒಂದ ಒಡಪ ಬಾಕಿ ಉಳದೈತಿ. ಹೇಳಿ ಹೋಗತೀನಿ.”

ತೊಟ್ಟಿಲ ಹಗ್ಗ ಹಿಡಿದುಕೊಂಡಳು. ಮೊದಲ ಸಾಲು ತಪ್ಪಿತು, ಮತ್ತೆ ಮೊದಲಿನಿಂದ ಶುರು ಮಾಡಿದಳು:

“ಹೊಳಿಯ ನೀರ ಕಬ್ಬಿಗಿ ಸವಿ,
ಕಬ್ಬಿನ ಹಾಲ ಬೆಲ್ಲಕ ಸವಿ,
ಮಾಯಪ್ಪನ ಹೆಸರ ನನ್ನ ಬಾಯಿಗಿ ಸವಿ.”

ಒಡಪ ಮುಗಿದರೆ ಹೆಂಗಸರು ‘ಹೋ’ ಎಂದು ನಗಬೇಕು. ಯಾರೂ ನಗಲಿಲ್ಲ. ಅವ್ವ ನನ್ನ ಕಡೆ ತಿರುಗಿ, “ಹೇಳ ಈಗ, ಕೂಸ ಎಷ್ಟೊತ್ತ ಬಿದ್ದಿರಬೇಕು,” ಅಂದಳು. ನಾನು ಸಂಜುನ ಕಡೆ ನೋಡಿದೆ. ಬಾಗಿಲಲ್ಲಿ ಗಂಡಸರ ಮುಂದೆ ನಿಂತಿದ್ದ. ಅವನು ಸವಿತಾಳನ್ನು ನೋಡಿದ. ನಿಪ್ಪಾಣಿಯ ಹುಡುಗಿ, ತೊಟ್ಟಿಲ ಪಕ್ಕದ ಚಾಪೆಯ ಮೇಲೆ ಕೂತಿದ್ದವಳು, ಮೂಗು ಒರೆಸಿಕೊಂಡು ಅಂದಳು: “ಹೇಳ್ರಿ ಅಕ್ಕಾರ. ಅತ್ತೀನ ಹೇಳಿ ಆತಲ್ಲ.”

ಹೇಳಿದೆ. ಕಿವಿಯಲ್ಲಿ ಹೇಳಬೇಕಾದ್ದನ್ನು ಓಣಿಗೆ ಕೇಳುವಷ್ಟು ಜೋರಾಗಿ ಹೇಳಿದೆ. ಕೂಸು ಬೆಚ್ಚಿ ಅಳತೊಡಗಿತು. ಬೆನ್ನಿಗೆ ಬಿದ್ದ ಗುದ್ದುಗಳ ಲೆಕ್ಕ ಇಟ್ಟಿಲ್ಲ, ಬಸ್ಸಿನಲ್ಲಿ ಚಿಕ್ಕೋಡಿಯವರೆಗೂ ಸೀಟಿಗೆ ಒರಗದೆ ಬಂದೆ.

ಇದಾದ ಮೇಲೆ ಆ ಹೆಸರಿಗೆ ಬೆಲೆ ಬಂತು, ಜನ ನಮ್ಮನ್ನು ನೋಡಿ ಮತ್ತೆ ಇಡತೊ‌ಡಗಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಂದಿನಿಂದ ಇಂದಿನವರೆಗೆ ತೊಟ್ಟಿಲ ಭಾಂಡೆಗೆ ಇನ್ನೊಬ್ಬ ಮಾಯಪ್ಪ ನನ್ನ ಅಂಗಡಿಗೆ ಬಂದಿಲ್ಲ. ಬಾರದಿದ್ದರೆ ಬೇಡ. ಓಡುವ ಮಾಲನ್ನು ಮಾತ್ರ ಅಂಗಡಿಯಲ್ಲಿ ಇಡಬೇಕು, ಒಪ್ಪುತ್ತೇನೆ, ಮನೆಯಲ್ಲಿ ಏನಿಡಬೇಕು ಎಂದು ಮಾರ್ಕೆಟ್ಟಿಗೆ ಕೇಳುವವನು ಮೂರ್ಖ. ಸಂಜು ಶಾಲೆಯ ರಜಿಸ್ಟರಿನಲ್ಲೂ ಅದನ್ನೇ ಬರೆದ. ಹುಡುಗ ಕಲಿಯುವುದೂ ಸಂಜುನ ಶಾಲೆಯಲ್ಲೇ, ಅಲ್ಲಿಯ ಒಂದನೆಯ ತರಗತಿಯಲ್ಲಿ ಮೂವರು ಅಥರ್ವರು ಇದ್ದಾರಂತೆ. ಒಬ್ಬನನ್ನು ಕರೆದರೆ ಮೂವರೂ ಏಳುತ್ತಾರೆ, ಬೈದರೆ ಮೂವರೂ ಕೂರುತ್ತಾರೆ. ನಮ್ಮವನನ್ನು ಕರೆದರೆ ನಮ್ಮವನೇ ಏಳುತ್ತಾನೆ. ಮೊದಲ ವಾರ ಕೆಲವು ಹುಡುಗರು ನಕ್ಕರಂತೆ. ನಗಲಿ ಎಂದು ಸಂಜು ದಿನಾ ಅದನ್ನು ಎಲ್ಲರಿಗಿಂತ ಮೊದಲು ಕರೆದನಂತೆ, ಎರಡು ವಾರಕ್ಕೆ ನಗುವುದು ಹಳೆಯದಾಯಿತು. ಇದನ್ನು ಅವನಿಗೆ ಹೇಳಿಕೊಟ್ಟದ್ದು ನಾನಲ್ಲ, ಅವನದೇ ಬುದ್ಧಿ. ಹೇಳಿಕೊಟ್ಟಿದ್ದೆ ಎಂದು ಎರಡು ಮೂರು ಕಡೆ ಹೇಳಿದ್ದೇನೆ.

ಸವಿತಾ ಒಮ್ಮೊಮ್ಮೆ ಮುದ್ದಿಗೆ ‘ಮಾಯು’ ಅನ್ನುತ್ತಾಳೆ. ಅವ್ವ ಅದಕ್ಕೂ ಬಿಡುವುದಿಲ್ಲ. “ತುಂಡ ಮಾಡಬ್ಯಾಡವಾ,” ಅನ್ನುತ್ತಾಳೆ. ತಾನಂತೂ ದಿನಕ್ಕೆ ನೂರು ಸಲ ಪೂರಾ ಕರೆಯುತ್ತಾಳೆ, ಕೆಲವು ಸಲ ಕೆಲಸವೇನೂ ಇಲ್ಲದೆ. ಹುಡುಗ ಬಂದು “ಏನ ಆಯಿ?” ಅಂದರೆ, “ಏನಿಲ್ಲ ಹೋಗು,” ಅನ್ನುತ್ತಾಳೆ.

ಹೋದ ದೀಪಾವಳಿಗೆ ನಾನು ಊರಿಗೆ ಹೋಗಿದ್ದೆ. ಅವ್ವ, ನಾನು ಕಟ್ಟೆಯ ಮೇಲೆ ಕೂತಿದ್ದೆವು. ಹುಡುಗ ಓಣಿಯ ನಡುವೆ ಸೀಮೆಸುಣ್ಣದಿಂದ ಏನೋ ಗೆರೆ ಎಳೆಯುತ್ತಿದ್ದ. ಅಪ್ಪ ದುಡಿದ ತೋಟದ ಸಣ್ಣ ಮಾಲಕರು, ಈಗ ಅವರ ಮೀಸೆಯೂ ಬೆಳ್ಳಗಾಗಿದೆ, ಮೋಟರ್ ಸೈಕಲ್ ಮೇಲೆ ಬಂದರು. ಕೆಟ್ಟ ಮನುಷ್ಯರಲ್ಲ. ಅಪ್ಪ ಸತ್ತಾಗ ಬಂದು ಮಣ್ಣು ಹಾಕಿ ಹೋಗಿದ್ದರು. ಹುಡುಗನನ್ನು ನೋಡಿ ನಕ್ಕು, ಹಳೆಯ ರೂಢಿಯಲ್ಲೇ, “ಏ ಮಾಯ್ಯಾ, ಸರೀಲೇ ಆಕಡೆ,” ಅಂದರು.

ಹುಡುಗ ತಲೆ ಎತ್ತಿ ಸುತ್ತ ನೋಡಿದ. ತನ್ನನ್ನೇ ಕರೆದದ್ದು ಎಂದು ಅವನಿಗೆ ತಿಳಿಯಲಿಲ್ಲ. ಮತ್ತೆ ಗೆರೆ ಎಳೆಯತೊಡಗಿದ.

ನಾನು ಬಾಯಿ ತೆರೆದೆ. ಅವ್ವ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. ಕೂತಲ್ಲಿಂದ ಏಳದೆ, ದನಿ ಏರಿಸದೆ ಅಂದಳು:

“ಮಾಲಕ್ರ, ಅವನ ಹೆಸರ ಮಾಯಪ್ಪ ಐತ್ರಿ. ಕರಿಯೂದಿದ್ರ ಪೂರಾ ಕರೀರಿ.”

ಗಾಡಿ ಗುರುಗುಡುತ್ತಿತ್ತು. ಸಣ್ಣ ಮಾಲಕರು ಅವ್ವನ ಕಡೆ ತಿರುಗಿದರು. ಐವತ್ತು ವರ್ಷದಲ್ಲಿ ಅವ್ವ ಅವರೊಂದಿಗೆ ಆಡಿದ ಮೊದಲ ಪೂರ್ತಿ ಮಾತು ಅದೇ ಇರಬೇಕು. ಅವರು ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿದರು, ಕಾಲು ನೆಲಕ್ಕೆ ಊರಿದರು.

“ಮಾಯಪ್ಪಾ,” ಅಂದರು, “ಸ್ವಲ್ಪ ಹಾದಿ ಬಿಡಪಾ.”

ಹುಡುಗ ಎದ್ದು ಹಾದಿ ಬಿಟ್ಟ.